ಬೇಗ ತೊಡಗಬೇಕು, ಮೆಲ್ಲನೆ ಹನಿಸಬೇಕು

ಘಟ್ಟದ ಮೇಲಿನ ನಮ್ಮ ಸೀಮೆಯಲ್ಲಿ, ಎಂದರೆ ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಕಡೆಗೆ, ಸರ್ಪಸುತ್ತಿನ ಹೆಸರನ್ನು ಕೇಳದ ಮನೆ ಇರಲಾರದು. ಸೊಂಟದ ಅಥವಾ ಎದೆಯ ಒಂದು ಮಗ್ಗುಲಿಗೆ ಮೊದಲು ಉರಿ, ಚುಚ್ಚಿದಂಥ ನೋವು. ಎರಡು ಮೂರು ದಿನ ಕಳೆದ ಮೇಲೆ ಅದೇ ದಾರಿಯಲ್ಲಿ ನೀರ್ಗುಳ್ಳೆಗಳ ಸಾಲು. ಹಾವು ಸುತ್ತಿಕೊಂಡಂತೆ ಕಾಣುವದರಿಂದ ಈ ಹೆಸರು ಬಂದಿತು. ಹೆಸರಿನೊಡನೆ ಒಂದು ಅಂಜಿಕೆಯೂ ಬಂದಿತು: ಹಾವಿನ ತಲೆಯೂ ಬಾಲವೂ ಕೂಡಿದರೆ ರೋಗಿ ಉಳಿಯನು ಎಂಬುದು. ತಲೆ ಬಾಲ ಕೂಡದಿರಲೆಂದು ನಡುವೆ ಕೆಮ್ಮಣ್ಣು ಬಳಿಯುವದು, ಮಂತ್ರ ಹಾಕಿಸುವದು ಇಂದಿಗೂ ನಿಂತಿಲ್ಲ.

ಈ ಅಂಜಿಕೆಗೆ ಆಧಾರವಿಲ್ಲ. ಬೆನ್ನುಹುರಿಯಿಂದ ಹೊರಡುವ ಒಂದೊಂದು ನರವೂ ಶರೀರದ ಒಂದೇ ಮಗ್ಗುಲಿಗೆ ಹೋಗಿ ನಟ್ಟನಡುವಿನ ಗೆರೆಯ ಹತ್ತಿರ ನಿಲ್ಲುತ್ತದೆ. ಬೇನೆಯು ಆ ನರದ ದಾರಿಯನ್ನು ಹಿಡಿದು ಬರುವದರಿಂದ ಅದೂ ಅಲ್ಲಿಯೇ ನಿಲ್ಲುತ್ತದೆ. ಚಿಕ್ಕಂದಿನಲ್ಲಿ ಸೀತಾಳೆ ಸಿಡುಬನ್ನು ತಂದ ವೈರಸ್ಸೇ ನರದ ಬುಡದಲ್ಲಿ ಹತ್ತಾರು ವರ್ಷ ನಿದ್ದೆಮಾಡಿ, ಮುಪ್ಪಿನಲ್ಲಿಯೋ ದೇಹದ ಬಲ ಕುಂದಿದಾಗಲೋ ಎಚ್ಚತ್ತು ಹೊರಬರುವದು, ಸರ್ಪಸುತ್ತೆಂದರೆ ಇಷ್ಟೇ. ಇದು ಹರ್ಪಿಸ್ ಎಂಬ ವೈರಸ್ ಕುಲಕ್ಕೆ ಸೇರಿದುದು. ಇಲ್ಲಿ ಒಂದು ವಿನೋದವುಂಟು. ಹರ್ಪಿಸ್ ಎಂಬುದು ‘ತೆವಳು’ ಎಂಬರ್ಥದ ಗ್ರೀಕ್ ಧಾತುವಿನಿಂದ ಹುಟ್ಟಿದ ಶಬ್ದ. ನಮ್ಮ ‘ಸರ್ಪ’ ಶಬ್ದದ ಬೇರೂ ಅದೇ ಎಂದು ಭಾಷಾಶಾಸ್ತ್ರಜ್ಞರು ಹೇಳುತ್ತಾರೆ. ಗ್ರೀಕ್ ವೈದ್ಯನೂ ಮಲೆನಾಡಿನ ಅಜ್ಜಿಯೂ ಒಬ್ಬರನ್ನೊಬ್ಬರು ಕಾಣದೆ ಒಂದೇ ಹೆಸರಿಟ್ಟಂತಾಯಿತು.

ಕೆಮ್ಮಣ್ಣು ಬಳಿಯುವವರನ್ನು ನಗೆಗೀಡುಮಾಡುವದು ಈ ಅಂಕಣದ ಉದ್ದೇಶವಲ್ಲ. ಮಣ್ಣಿನಿಂದ ಆಗುವ ಕೇಡಿಗಿಂತ, ಮಣ್ಣಿನ ನಂಬಿಗೆಯಲ್ಲಿ ಕಳೆದುಹೋಗುವ ಮೂರು ದಿನಗಳಿಂದ ಆಗುವ ಕೇಡು ಹೆಚ್ಚು. ಗುಳ್ಳೆ ಎದ್ದ 72 ತಾಸುಗಳ ಒಳಗೆ ಔಷಧ ಆರಂಭವಾದರೆ ಅದರ ಗುಣ ಚೆನ್ನಾಗಿ ಕಾಣುವದು. ಸಾಧಾರಣವಾದ ಸರ್ಪಸುತ್ತಿಗೆ ಗುಳಿಗೆಗಳೇ ಸಾಕು: ಅಸೈಕ್ಲೊವಿರ್ ಎಂಬ ಔಷಧವನ್ನು ದೊಡ್ಡವರಿಗೆ 800 ಮಿಲಿಗ್ರಾಮಿನಂತೆ ದಿನಕ್ಕೆ ಐದು ಸಲ, ಏಳು ದಿನಗಳವರೆಗೆ ಡಾಕ್ಟರರು ಕೊಡುವದು ವಾಡಿಕೆ. ಆದರೆ ಗುಳ್ಳೆಗಳು ಒಂದು ಪಟ್ಟಿಯನ್ನು ಬಿಟ್ಟು ಮೈಯೆಲ್ಲ ಹರಡಿದರೆ, ಕ್ಯಾನ್ಸರಿಗೆ ಔಷಧ ತೆಗೆದುಕೊಳ್ಳುತ್ತಿರುವವರು, ಬದಲಿ ಮೂತ್ರಪಿಂಡ ಹಾಕಿಸಿಕೊಂಡವರು, ಎಚ್.ಐ.ವಿ. ಇದ್ದವರು ಮುಂತಾದ ರೋಗನಿರೋಧಶಕ್ತಿ ಕುಂದಿದವರಿಗೆ ಬೇನೆ ಬಿರುಸಾಗಿ ಬಂದರೆ, ಆಗ ಗುಳಿಗೆಯಿಂದ ಕಾರ್ಯವಾಗದು. ಅದೇ ಔಷಧವನ್ನು ಸಲೈನಿನೊಡನೆ ರಕ್ತನಾಳಕ್ಕೆ ಹನಿಸಬೇಕಾಗುವದು. ನುಂಗಿದ ಗುಳಿಗೆಯಲ್ಲಿ ನೂರಕ್ಕೆ 15ರಿಂದ 30 ಪಾಲು ಮಾತ್ರ ರಕ್ತವನ್ನು ಸೇರುವದು, ಉಳಿದುದು ವ್ಯರ್ಥ. ಕಣ್ಣಿನ ಸುತ್ತ ಅಥವಾ ಮೂಗಿನ ತುದಿಯಲ್ಲಿ ಗುಳ್ಳೆ ಎದ್ದವರಂತೂ ಅದೇ ದಿನ ಕಣ್ಣಿನ ಡಾಕ್ಟರರಿಗೆ ತೋರಿಸಿಕೊಳ್ಳಬೇಕು.

ರಕ್ತನಾಳಕ್ಕೆ ಹನಿಸುವ ಈ ಔಷಧವನ್ನು ಮನೆಯಲ್ಲಿ ಕೊಡಲಿಕ್ಕಾಗದು. ಹಾಗಾದರೆ ಗೃಹಸ್ಥರ ಪತ್ರಿಕೆಯಲ್ಲಿ ಇದರ ವಿಚಾರವೇಕೆ ಎಂದು ಯಾರಾದರೂ ಕೇಳಬಹುದು. ಏಕೆಂದರೆ ಇದು ಬೇಗ ಆರಂಭವಾಗುವದೂ, ಆರಂಭವಾದ ಮೇಲೆ ಅಪಾಯವಿಲ್ಲದೆ ಮುಗಿಯುವದೂ ಬಹುಮಟ್ಟಿಗೆ ಮನೆಯವರ ಕೈಯಲ್ಲಿದೆ. ಡಾಕ್ಟರರು ಬರೆಯುತ್ತಾರೆ, ನರ್ಸಬಾಯಿಯವರು ಹಚ್ಚುತ್ತಾರೆ. ಹಾಸಿಗೆಯ ಪಕ್ಕದಲ್ಲಿ ಹಗಲಿರುಳು ಕುಳಿತಿರುವವರು ಮಾತ್ರ ನಾವು.

ಮೊದಲು ಔಷಧದ ಪರಿಚಯ. ವೈರಸ್ ಎಂಬುದು ತಾನಾಗಿ ಬೆಳೆಯಲಾರದ ಜೀವಕಣ. ನಮ್ಮ ಜೀವಕೋಶದೊಳಗೆ ಹೊಕ್ಕು, ಅದರ ಸಾಮಗ್ರಿಯಿಂದಲೇ ತನ್ನ ಸಂತಾನವನ್ನು ಹೆಚ್ಚಿಸಿಕೊಳ್ಳುವದು. ಹೀಗಿರಲು ಕೋಶವನ್ನು ಕೊಲ್ಲದೆ ವೈರಸ್ಸನ್ನು ಮಾತ್ರ ಕೊಲ್ಲುವದು ಆಗದ ಮಾತೆಂದು ಬಹುಕಾಲ ತಿಳಿದಿದ್ದರು. 1970ರ ದಶಕದಲ್ಲಿ ಬರೋಸ್ ವೆಲ್ಕಮ್ ಎಂಬ ಸಂಸ್ಥೆಯಲ್ಲಿ ಗರ್ಟ್ರೂಡ್ ಎಲಿಯನ್, ಹೊವರ್ಡ್ ಶೇಫರ್ ಮೊದಲಾದವರು ಈ ತಿಳುವಳಿಕೆಯನ್ನು ಬದಲಿಸಿದರು. ಅವರು ಕಂಡುಹಿಡಿದ ಅಸೈಕ್ಲೊವಿರ್ ನಮ್ಮ ಕೋಶದೊಳಗೆ ಹೋದರೂ ಸುಮ್ಮನೆ ಮಲಗಿರುವದು. ಹರ್ಪಿಸ್ ವೈರಸ್ಸು ತನ್ನ ಕೆಲಸಕ್ಕೆಂದು ತಯಾರಿಸಿಕೊಂಡ ಒಂದು ಕಿಣ್ವವೇ ಆ ಔಷಧವನ್ನು ಎಬ್ಬಿಸುವದು. ಎದ್ದ ಔಷಧವು ವೈರಸ್ಸಿನ ವಂಶದ ಎಳೆಯನ್ನು ಅರ್ಧಕ್ಕೇ ತುಂಡರಿಸುವದು. ಕಳ್ಳನ ಕೈಯಿಂದಲೇ ನಾಯಿಯ ಸರಪಳಿ ಬಿಚ್ಚಿಸಿದ ಹಾಗಾಯಿತು. 1977ರಲ್ಲಿ ಈ ಸಂಗತಿ ಪ್ರಕಟವಾಯಿತು. 1988ರಲ್ಲಿ ಎಲಿಯನ್ ಅವರಿಗೆ ಜಾರ್ಜ್ ಹಿಚಿಂಗ್ಸ್ ಮತ್ತು ಜೇಮ್ಸ್ ಬ್ಲಾಕ್ ಅವರೊಡನೆ ನೊಬೆಲ್ ಪಾರಿತೋಷಕ ದೊರೆಯಿತು. ಡಾಕ್ಟರೇಟ್ ಪದವಿಯನ್ನು ಮುಗಿಸಲು ಅನುಕೂಲ ಸಿಗದಿದ್ದ ಸ್ತ್ರೀ ಈಕೆ ಎಂಬುದನ್ನು ನಮ್ಮ ಮನೆಗಳ ಹೆಣ್ಣುಮಕ್ಕಳು ನೆನಪಿನಲ್ಲಿಡಲಿ.

ಈಗ ಈ ಔಷಧದ ಅತ್ಯಂತ ದೊಡ್ಡ ಉಪಯೋಗಕ್ಕೆ ಬರೋಣ. ಸರ್ಪಸುತ್ತಿನ ವೈರಸ್ಸಿಗೆ ಒಬ್ಬ ದಾಯಾದಿ ಇದ್ದಾನೆ. ಜ್ವರ ಬಂದು ಹೋಗುವಾಗ ತುಟಿಯಂಚಿಗೆ ಏಳುವ ಸಣ್ಣ ನೀರ್ಗುಳ್ಳೆಗಳಿಗೆ ಇವನೇ ಕಾರಣ. ಬಹುಜನರ ದೇಹದಲ್ಲಿ ಆಜೀವ ಇದ್ದು ಇಷ್ಟರ ಹೊರತು ಬೇರೆ ಉಪದ್ರವ ಕೊಡದ ಈ ವೈರಸ್ಸು, ಅಪರೂಪಕ್ಕೆ, ಹತ್ತು ಲಕ್ಷ ಜನರಲ್ಲಿ ವರ್ಷಕ್ಕೆ ಇಬ್ಬರಿಂದ ನಾಲ್ವರಿಗೆ, ಮಿದುಳಿಗೆ ಹತ್ತಿ ಅಲ್ಲಿ ಬಾವು ಬರಿಸುವದು. ಅಪರೂಪವಾದರೂ ಇದರ ಮಾತನ್ನು ಆಡಲೇಬೇಕಾಗಿದೆ. ಮುಂದಿನ ಚಿತ್ರದಿಂದ ಕಾರಣ ತಿಳಿಯುವದು.

ಒಂದು ಮನೆಯನ್ನು ಕಲ್ಪಿಸಿಕೊಳ್ಳಿರಿ. ಸಿದ್ದಾಪುರದಿಂದ ಒಳಗೆ, ಕಾಡಿನ ಅಂಚಿನಲ್ಲಿರುವ ತೋಟದ ಮನೆ. ಪುಷ್ಯಮಾಸ, ಅಂಗಳದ ತುಂಬ ಅಡಿಕೆ ಹರವಿದೆ. ಐವತ್ತೈದು ವರ್ಷದ ಯಜಮಾನರಿಗೆ ಎರಡು ದಿನಗಳಿಂದ ಜ್ವರ, ತಲೆನೋವು. ಮೂರನೆಯ ದಿನ ಬೆಳಿಗ್ಗೆ ಸೊಸೆ ಕಷಾಯ ಒಯ್ದಾಗ ಅವಳನ್ನು ಎಂದೋ ತೀರಿಹೋದ ತಮ್ಮ ಅಕ್ಕನ ಹೆಸರಿನಿಂದ ಕರೆಯುತ್ತಾರೆ. ಏನೋ ಸುಟ್ಟ ನಾತ ಬರುತ್ತಿದೆ ಎಂದು ಮೂರು ಸಲ ಹೇಳುತ್ತಾರೆ. ಒಲೆಯಲ್ಲಿ ಬೆಂಕಿಯೇ ಇಲ್ಲ.

“ಅತ್ತೇ, ಮಾವನವರ ಮಾತು ನೆಟ್ಟಗಿಲ್ಲ. ಸ್ವಲ್ಪ ಬಂದು ನೋಡಿರಿ.”

“ಜ್ವರದ ಕಾವಿಗೆ ಬಡಬಡಿಸುತ್ತಾರೆ, ತಂಗಿ. ಕಾವು ಇಳಿದರೆ ಎಲ್ಲ ಸರಿಹೋಗುತ್ತದೆ.”

“ಕಾವು ಇಳಿದೇ ಇದೆ. ಈಗ ಮುಟ್ಟಿ ನೋಡಿದೆ.”

ಅಷ್ಟರಲ್ಲಿ ಪಕ್ಕದ ಮನೆಯವರು ಬಂದು ಜಗುಲಿಯಲ್ಲಿ ಕುಳಿತು, “ಮಂಗನ ಬೇನೆ ಇದ್ದೀತು. ಅದಕ್ಕೆ ಮದ್ದೆಲ್ಲಿದೆ? ಸಲೈನ್ ಹಚ್ಚಿ ಮಲಗಿಸುತ್ತಾರೆ, ಅಷ್ಟೆ. ನಾಳೆ ನೋಡೋಣ” ಎನ್ನುತ್ತಾರೆ.

ಪಕ್ಕದ ಮನೆಯವರ ಮಾತನ್ನು ತೆಗೆದುಹಾಕುವಂತಿಲ್ಲ. ಮಂಗನ ಬೇನೆ ನಮ್ಮ ಕಾಡುಗಳಲ್ಲಿ ಇದೆ. ನೆರೆಯ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಅದನ್ನು ಗುರುತಿಸಿದರು. 2024ರ ಆರಂಭದ ತಿಂಗಳುಗಳಲ್ಲಿ ಸಿದ್ದಾಪುರ ತಾಲೂಕಿನ ಹಲವು ಮನೆಗಳು ಅದರಿಂದ ಕಂಗೆಟ್ಟವು. ಉಣ್ಣೆಯ ಕಡಿತದಿಂದ ಬರುವ ಆ ಬೇನೆಯಲ್ಲಿಯೂ, ಜ್ವರ ಬಿಟ್ಟು ಒಂದೆರಡು ವಾರಗಳಾದ ಮೇಲೆ ಕೆಲವರಿಗೆ ಅದು ಮರುಕಳಿಸಿ ಬುದ್ಧಿಭ್ರಮಣೆಯಾಗುವದುಂಟು. ಆ ವೈರಸ್ಸನ್ನು ಕೊಲ್ಲುವ ಔಷಧ ಇನ್ನೂ ಸಿದ್ಧವಾಗಿಲ್ಲವೆಂಬುದೂ ನಿಜ. ಅಸೈಕ್ಲೊವಿರ್ ಅದರ ಮೇಲೆ ನಡೆಯದು. ಆದರೆ ತಪ್ಪು ಇರುವದು “ನಾಳೆ ನೋಡೋಣ” ಎಂಬ ಮಾತಿನಲ್ಲಿ. ಜ್ವರದೊಡನೆ ಮಾತು ತಪ್ಪಿದ ರೋಗಿಗೆ ಮಂಗನ ಬೇನೆಯಾಗಿರಬಹುದು, ಮಿದುಳಿಗೇರಿದ ಮಲೇರಿಯಾ ಇರಬಹುದು, ಬೇರೆ ಜಾತಿಯ ಮಿದುಳುಜ್ವರವಿರಬಹುದು, ಹರ್ಪಿಸ್ ಇರಬಹುದು. ಜಗುಲಿಯಲ್ಲಿ ಕುಳಿತು ಇವುಗಳನ್ನು ಬೇರ್ಪಡಿಸಲು ಯಾರಿಂದಲೂ ಆಗದು. ಅನುಭವಿಗಳಾದ ಡಾಕ್ಟರರಿಂದಲೂ ಪರೀಕ್ಷೆಗಳಿಲ್ಲದೆ ಆಗದು. ಇವುಗಳಲ್ಲಿ ಹರ್ಪಿಸ್ಸಿಗೆ ಮಾತ್ರ ವೈರಸ್ಸನ್ನೇ ತಡೆಯುವ ಔಷಧವಿದೆ. ಅದು ಎಷ್ಟು ಬೇಗ ದೇಹವನ್ನು ಹೊಗುವದೋ ಅಷ್ಟು ಮಿದುಳು ಉಳಿಯುವದು. ಆದುದರಿಂದ ಡಾಕ್ಟರರು ಪರೀಕ್ಷೆಯ ಉತ್ತರಕ್ಕಾಗಿ ಕಾಯದೆ, ಸಂಶಯ ಬಂದೊಡನೆ ಇದನ್ನು ಆರಂಭಿಸುತ್ತಾರೆ. ಹರ್ಪಿಸ್ ಅಲ್ಲವೆಂದು ದೃಢವಾದರೆ ನಿಲ್ಲಿಸುತ್ತಾರೆ. “ರೋಗವೇ ಗೊತ್ತಾಗಿಲ್ಲ, ಔಷಧ ಹೇಗೆ ಕೊಟ್ಟರು?” ಎಂದು ಸಿಟ್ಟಾಗುವ ಬಂಧುಗಳಿಗೆ ಇದನ್ನು ತಿಳಿಸಿ ಹೇಳಬೇಕು.

ಈ ಆತುರ ವ್ಯರ್ಥವಲ್ಲವೆಂಬುದಕ್ಕೆ ಲೆಕ್ಕವಿದೆ. ಔಷಧವಿಲ್ಲದ ಕಾಲದಲ್ಲಿ ಈ ಬೇನೆ ಹತ್ತಿದ ನೂರು ಜನರಲ್ಲಿ ಸುಮಾರು 70 ಜನ ಸಾಯುತ್ತಿದ್ದರು. 1984ರಲ್ಲಿ ಸ್ವೀಡನ್ನಿನ ಡಾಕ್ಟರರು ವಿಡರಬಿನ್ ಎಂಬ ಹಳೆಯ ಔಷಧವನ್ನೂ ಅಸೈಕ್ಲೊವಿರ್ ಅನ್ನೂ ಹೋಲಿಸಿ ನೋಡಿದಾಗ, ಹಳೆಯದರಲ್ಲಿ ನೂರಕ್ಕೆ 50, ಹೊಸದರಲ್ಲಿ ನೂರಕ್ಕೆ 19 ಸಾವುಗಳಾಗಿದ್ದವು. 1986ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಇನ್ನೊಂದು ಹೋಲಿಕೆಯಲ್ಲಿ ಈ ಅಂಕಿಗಳು 54 ಮತ್ತು 28. ಬದುಕಿದವರೆಲ್ಲರೂ ಮೊದಲಿನಂತೆಯೇ ಆಗುತ್ತಾರೆಂದು ಹೇಳಿದರೆ ಸುಳ್ಳಾಗುವದು. ಹಲವರಿಗೆ ನೆನಪಿನ ಶಕ್ತಿ ಕುಂದುವದು, ಸ್ವಭಾವ ಬದಲಾಗುವದು. ಪ್ರಜ್ಞೆ ತಪ್ಪುವ ಮೊದಲೇ ಔಷಧ ಹೊಕ್ಕವರ ಸ್ಥಿತಿ ಉಳಿದವರಿಗಿಂತ ಉತ್ತಮವಾಗಿರುವದು.

ಇನ್ನು ದಾರಿಯ ಮಾತು. ಯಲ್ಲಾಪುರದಿಂದ ಹುಬ್ಬಳ್ಳಿಗೆ ಸುಮಾರು 70 ಕಿಲೋಮೀಟರ್, ಶಿರಸಿಯಿಂದ ಸುಮಾರು 100. ಸಿದ್ದಾಪುರದ ಒಳಹಳ್ಳಿಗಳಿಂದ ಎಣಿಸಿದರೆ ಇನ್ನೂ ಹೆಚ್ಚು. ಮಿದುಳಿನ ಎಂ.ಆರ್.ಐ. ಚಿತ್ರಕ್ಕಾಗಿ, ಬೆನ್ನುನೀರಿನ ಪರೀಕ್ಷೆಗಾಗಿ ರೋಗಿಯನ್ನು ದೊಡ್ಡ ಊರಿಗೆ ಕಳುಹಿಸುವ ಪ್ರಸಂಗ ನಮ್ಮಲ್ಲಿ ಬಹಳ. ಗಾಡಿಯ ಏರ್ಪಾಡು, ಹಣದ ಏರ್ಪಾಡು, ದಾರಿ, ಅಲ್ಲಿ ಹೋಗಿ ಸರತಿಯಲ್ಲಿ ನಿಲ್ಲುವದು, ಹೀಗೆ ಅರ್ಧ ದಿನ ಕಳೆಯುವದು. ಆದಕಾರಣ ಹೊರಡುವ ಮೊದಲು ಸ್ಥಳದ ಡಾಕ್ಟರರನ್ನು ವಿನಯದಿಂದ ಒಂದು ಪ್ರಶ್ನೆ ಕೇಳಿರಿ: “ಡಾಕ್ಟರೇ, ಇದು ಹರ್ಪಿಸ್ ಮಿದುಳುಬಾವು ಇರಬಹುದೇ? ಇರಬಹುದಾದರೆ ಮೊದಲ ಸರದಿಯ ಔಷಧವನ್ನು ಇಲ್ಲಿಯೇ ಕೊಟ್ಟು ಕಳುಹಿಸಬಹುದೇ?” ಕೊಟ್ಟರೆ, ಕೊಟ್ಟ ಹೊತ್ತನ್ನೂ ಪ್ರಮಾಣವನ್ನೂ ಚೀಟಿಯ ಮೇಲೆ ಬರೆಯಿಸಿಕೊಳ್ಳಿರಿ. ಅಸೈಕ್ಲೊವಿರ್ ಈಗ ದುರ್ಲಭ ವಸ್ತುವಲ್ಲ. ನಮ್ಮ ದೇಶದಲ್ಲಿಯೇ ತಯಾರಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಅವಶ್ಯಕ ಔಷಧಗಳ ಪಟ್ಟಿಯಲ್ಲಿಯೂ ಇದೆ.

ಬೆನ್ನುನೀರು ತೆಗೆದರೆ ಕಾಲು ಬಿದ್ದುಹೋಗುವದೆಂಬ ಭಯದಿಂದ ಒಪ್ಪಿಗೆ ಕೊಡದ ಮನೆಗಳುಂಟು. ಸೂಜಿ ಹೋಗುವದು ಬೆನ್ನುಹುರಿ ಮುಗಿದ ಮೇಲಿನ ಕೆಳಗಿನ ಜಾಗದಲ್ಲಿ. ಎರಡು ದಿನ ತಲೆನೋವು ಬರಬಹುದು; ಕಾಲು ಬೀಳುವದೆಂಬ ಭಯ ಬೇಡ. ಮೊದಲ ಪರೀಕ್ಷೆಯಲ್ಲಿ ವೈರಸ್ ಕಾಣದಿದ್ದರೂ, ಸಂಶಯ ಬಲವಾಗಿದ್ದರೆ ಕೆಲವು ದಿನ ಬಿಟ್ಟು ಮತ್ತೆ ನೀರು ತೆಗೆಯುವರು. ಬೇನೆಯ ಮೊದಲ ಮೂರು ದಿನಗಳಲ್ಲಿ ವೈರಸ್ ಪರೀಕ್ಷೆಯ ಕಣ್ಣು ತಪ್ಪಿಸುವದುಂಟು.

ಇಲ್ಲಿಯವರೆಗೆ ಆತುರದ ಮಾತಾಯಿತು. ಇನ್ನು ತಾಳ್ಮೆಯ ಮಾತು. ಬೇಗ ತೊಡಗಬೇಕಾದ ಈ ಔಷಧವನ್ನು ಬೇಗ ಬೇಗ ಕೊಟ್ಟರೆ ಕೇಡಾಗುವದು.

ನಮ್ಮ ಮನೆಗಳಲ್ಲಿ ಜೋನಿಬೆಲ್ಲದ ಕೊಡವನ್ನು ನೋಡದವರಿಲ್ಲ. ಪಾಕ ತುಸು ಗಟ್ಟಿಯಾದರೆ, ಚಳಿಗಾಲ ಬಂದರೆ, ಕೊಡದ ಅಡಿಗೆ ಸಕ್ಕರೆಯ ಹರಳುಗಳು ಕೂಡುತ್ತವೆ. ಅಸೈಕ್ಲೊವಿರ್ ಸ್ವಭಾವವೂ ಹೀಗೆಯೇ. ನೀರಿನಲ್ಲಿ ಅದು ಬಹಳ ಕರಗುವದಿಲ್ಲ. ದೇಹದಿಂದ ಅದು ಹೊರಹೋಗುವ ದಾರಿ ಮುಖ್ಯವಾಗಿ ಮೂತ್ರಪಿಂಡ. ಒಮ್ಮೆಲೆ ಹೆಚ್ಚು ಔಷಧ ಬಂದು, ಮೂತ್ರ ಕಡಮೆಯಾಗಿದ್ದರೆ, ಮೂತ್ರಪಿಂಡದ ಕೂದಲಿನಂಥ ನಾಳಗಳಲ್ಲಿ ಅದು ಹರಳುಗಟ್ಟಿ ದಾರಿಯನ್ನು ಮುಚ್ಚುವದು. ಆದಕಾರಣ ಮೂರು ಕಟ್ಟುಗಳನ್ನು ಹಾಕಿದ್ದಾರೆ: ತೂಕಕ್ಕೆ ಸರಿಯಾದ ಪ್ರಮಾಣ, ಸಾಕಷ್ಟು ತೆಳುವಾದ ದ್ರಾವಣ, ಒಂದು ತಾಸಿಗೆ ಕಡಮೆಯಿಲ್ಲದ ಹೊತ್ತು.

ಲೆಕ್ಕ ಮಾಡಿ ನೋಡೋಣ. ಮಿದುಳುಬಾವು ಇರುವ ದೊಡ್ಡವರಿಗೆ, ಮೂತ್ರಪಿಂಡಗಳು ಚೆನ್ನಾಗಿದ್ದರೆ, ತೂಕದ ಒಂದೊಂದು ಕಿಲೋಗ್ರಾಮಿಗೆ 10 ಮಿಲಿಗ್ರಾಮಿನಂತೆ ಎಂಟು ತಾಸಿಗೊಮ್ಮೆ ಕೊಡುವರು. ನಮ್ಮ ಕಲ್ಪನೆಯ ಯಜಮಾನರು 60 ಕಿಲೋ ಇದ್ದರೆ ಒಂದು ಸರದಿಗೆ 600 ಮಿಲಿಗ್ರಾಮ್ ಆಯಿತು. ಒಂದು ಮಿಲಿಲೀಟರಿನಲ್ಲಿ 5 ಮಿಲಿಗ್ರಾಮ್ ಮೀರದಂತೆ (ಕೆಲವರು 7ರವರೆಗೆ ಒಪ್ಪುತ್ತಾರೆ) ಕಲಸಬೇಕಾದರೆ 120 ಮಿಲಿಲೀಟರಾದರೂ ಸಲೈನ್ ಬೇಕು. ಅದು ಒಂದು ತಾಸಿನವರೆಗೆ ಹನಿಹನಿಯಾಗಿ ಇಳಿಯಬೇಕು. ಸಿರಿಂಜಿನಿಂದ ಒತ್ತಿಬಿಡುವದು, ಮಾಂಸಖಂಡಕ್ಕೆ ಚುಚ್ಚುವದು ಎಂದಿಗೂ ಸಲ್ಲದು. ಬಹಳ ಸ್ಥೂಲಕಾಯರಿಗೆ ಎತ್ತರಕ್ಕೆ ತಕ್ಕ ಆದರ್ಶ ತೂಕವನ್ನು ಹಿಡಿದು ಲೆಕ್ಕ ಹಾಕುವರು. ಮಕ್ಕಳ ಲೆಕ್ಕ ಬೇರೆ.

ಇಷ್ಟೆಲ್ಲ ತೂಕದ ಮೇಲೆ ನಿಂತಿರುವಾಗ, “ರೋಗಿಯ ತೂಕವೆಷ್ಟು?” ಎಂದು ಕೇಳಿದರೆ ಮನೆಯವರು ಮುಖಮುಖ ನೋಡಿಕೊಳ್ಳುತ್ತಾರೆ. ಅಡಿಕೆಯ ಮೂಟೆಯನ್ನು ಗ್ರಾಮಿನವರೆಗೆ ತೂಗಿಸಿ ಬರೆದಿಡುವ ಮನೆಯಲ್ಲಿ ಮನುಷ್ಯನ ತೂಕ ಯಾರಿಗೂ ಗೊತ್ತಿಲ್ಲ! ವರ್ಷಕ್ಕೆರಡು ಸಲವಾದರೂ ಮನೆಯ ಪ್ರತಿಯೊಬ್ಬರ ತೂಕವನ್ನು ಅದೇ ವಹಿಯ ಕೊನೆಯ ಪುಟದಲ್ಲಿ ಬರೆದಿಟ್ಟರೆ ಎಷ್ಟೋ ಉಪಕಾರ.

ತೂಕದಷ್ಟೇ ಮುಖ್ಯವಾದುದು ಮೂತ್ರಪಿಂಡದ ಸ್ಥಿತಿ. ರಕ್ತದಲ್ಲಿರುವ ಕ್ರಿಯಾಟಿನಿನ್ ಎಂಬ ವಸ್ತುವನ್ನು ಅಳೆದು ಇದನ್ನು ತಿಳಿಯುವರು. ಮೂತ್ರಪಿಂಡ ಕುಂದಿದ್ದರೆ ಎಂಟು ತಾಸಿಗೊಮ್ಮೆ ಕೊಡುವದನ್ನು ಹನ್ನೆರಡು ತಾಸಿಗೆ, ಇನ್ನೂ ಕುಂದಿದ್ದರೆ ಇಪ್ಪತ್ತನಾಲ್ಕು ತಾಸಿಗೆ ಮುಂದೂಡುವರು. ತೀರ ಕೆಟ್ಟಿದ್ದರೆ ಪ್ರಮಾಣವನ್ನೂ ಅರ್ಧ ಮಾಡುವರು. ಸರಿಯಾದ ಮೂತ್ರಪಿಂಡವಿದ್ದವನ ದೇಹದಲ್ಲಿ ಸುಮಾರು ಮೂರು ತಾಸಿಗೆ ಅರ್ಧ ಔಷಧ ಹೊರಬೀಳುವದು. ಮೂತ್ರವೇ ನಿಂತವನಲ್ಲಿ ಇದಕ್ಕೆ ಇಪ್ಪತ್ತು ತಾಸು ಹಿಡಿಯುವದು. ಹೀಗಿರಲು ರೋಗಿಗೆ ಮಧುಮೇಹವಿದೆಯೋ, ರಕ್ತದೊತ್ತಡವಿದೆಯೋ, ಹಿಂದೆ ಮೂತ್ರಕಲ್ಲು ಆಗಿತ್ತೋ ಎಂಬುದನ್ನು ಕೇಳುವ ಮೊದಲೇ ಹೇಳಬೇಕು. ಇನ್ನೊಂದು ಮಾತನ್ನಂತೂ ಮರೆಯದೆ ಹೇಳಬೇಕು. ಕೊನೆಕೊಯ್ಲಿನ ದಿನಗಳಲ್ಲಿ ಮೈಕೈ ನೋವಿಗೆಂದು ಅಂಗಡಿಯಿಂದ ಡೈಕ್ಲೋಫೆನಾಕ್ ಮುಂತಾದ ನೋವಿನ ಗುಳಿಗೆಗಳನ್ನು ತಂದು ನುಂಗುವ ಅಭ್ಯಾಸ ನಮ್ಮಲ್ಲಿ ಬಹಳವಾಗಿದೆ. ದಿನವಿಡೀ ಬೆವರು ಸುರಿಸಿ, ನೀರು ಕುಡಿಯದೆ, ಮೇಲೆ ಜ್ವರ, ಮೇಲೆ ಈ ಗುಳಿಗೆ. ಅಂಥವನ ಮೂತ್ರಪಿಂಡಕ್ಕೆ ಅಸೈಕ್ಲೊವಿರ್ ಭಾರವಾಗುವದು. ನುಂಗಿದ ಗುಳಿಗೆಯ ಹಾಳೆಯನ್ನು ಜೇಬಿನಲ್ಲಿಯೇ ಒಯ್ದು ತೋರಿಸಿರಿ, ನಾಚಿಕೆಯೇನೂ ಇಲ್ಲ.

ಒಂದು ಆಸ್ಪತ್ರೆಯಲ್ಲಿ ನಾನೇ ಕಂಡ ಸಂಗತಿಯನ್ನು ಹೇಳುತ್ತೇನೆ. ರೋಗಿಯ ಅಣ್ಣನ ಮಗ, ಬುದ್ಧಿವಂತ ತರುಣ, ಸಂಜೆಯ ಬಸ್ಸು ಹಿಡಿಯಬೇಕಾಗಿತ್ತು. ಸಲೈನ್ ಮುಗಿಯದೆ ಹೊರಡುವಂತಿಲ್ಲ. ನರ್ಸಬಾಯಿ ಆಚೆ ಹೋದೊಡನೆ ನಳಿಗೆಯ ಮೇಲಿನ ಚಿಕ್ಕ ಗಾಲಿಯನ್ನು ಹೆಬ್ಬೆರಳಿನಿಂದ ಮೇಲಕ್ಕೆ ಸರಿಸಿದನು. ತಾಸಿನ ಹನಿ ಹದಿನೈದು ನಿಮಿಷಕ್ಕೆ ಮುಗಿಯಿತು. “ಚಿಕ್ಕಪ್ಪಾ, ಮುಗಿಯಿತು” ಎಂದು ಸಂತೋಷದಿಂದ ಹೇಳಿ ಬಸ್ಸಿಗೆ ಓಡಿದನು. ಮರುದಿನ ಚಿಕ್ಕಪ್ಪನಿಗೆ ಸೊಂಟದ ಎರಡೂ ಮಗ್ಗುಲಲ್ಲಿ ನೋವು, ವಾಂತಿ; ಮೂತ್ರ ತೀರ ಕಡಮೆ. ಡಾಕ್ಟರರು ಔಷಧವನ್ನು ತಡೆದು, ಸಲೈನ್ ಹೆಚ್ಚಿಸಿ, ನಾಲ್ಕು ದಿನಗಳ ಮೇಲೆ ಹದಕ್ಕೆ ತಂದರು. ಆ ತರುಣನಿಗೆ ಇಂದಿಗೂ ಕಾರಣ ಗೊತ್ತಿರಲಿಕ್ಕಿಲ್ಲ. ಆ ಗಾಲಿಯನ್ನು ಮನೆಯವರು ಮುಟ್ಟಬಾರದು. ಹನಿ ಬಿರುಸಾಗಿ ಬೀಳುವದು ಕಂಡರೆ ನರ್ಸಬಾಯಿಯವರನ್ನು ಕರೆಯಬೇಕು.

ಹರಳಿನ ಈ ತೊಂದರೆ ಬರುವದಾದರೆ ಬಹುಮಟ್ಟಿಗೆ ಮೊದಲ ಎರಡು ದಿನಗಳಲ್ಲಿಯೇ ಬರುವದು. ಆ ದಿನಗಳಲ್ಲಿ ಮೂತ್ರವನ್ನು ಅಳತೆಯ ಪಾತ್ರೆಯಲ್ಲಿ ಹಿಡಿದು, ಹೊತ್ತಿನೊಡನೆ ಬರೆದಿಡುವ ಕೆಲಸವನ್ನು ಮನೆಯವರಲ್ಲಿ ಒಬ್ಬರು ವಹಿಸಿಕೊಳ್ಳಬೇಕು. ಇದನ್ನು ಹೊಲಸು ಕೆಲಸವೆಂದು ತಿಳಿಯಬಾರದು. ಆ ಒಂದು ಕಾಗದವು ಡಾಕ್ಟರರಿಗೆ ಹತ್ತು ಪ್ರಶ್ನೆಗಳ ಉತ್ತರವನ್ನು ಕೊಡುವದು. ಎಳನೀರು, ನೀರು ಎಷ್ಟು ಕುಡಿಸಬೇಕೆಂಬುದನ್ನು ಮಾತ್ರ ಕೇಳಿಯೇ ಕುಡಿಸಬೇಕು. ಹೃದಯದ ಬೇನೆಯಿದ್ದವರಿಗೆ, ಮೂತ್ರ ಕಟ್ಟಿದವರಿಗೆ ನೀರೂ ಮಿತಿಮೀರಿದರೆ ಕೇಡು.

ಸೂಜಿ ಇರುವ ಕೈಯ ಮೇಲೂ ಒಂದು ಕಣ್ಣಿರಲಿ. ಈ ದ್ರಾವಣ ಬಲವಾದ ಕ್ಷಾರ. ಸುಣ್ಣದ ತಿಳಿಯ ಹಾಗೆ. ಅದು ನಾಳವನ್ನು ತಪ್ಪಿ ಹೊರಗೆ ಸೋರಿದರೆ ಮಾಂಸವನ್ನು ಸುಡುವದು. ಉರಿ, ಬಾವು, ಕೆಂಪು ಕಂಡರೆ “ಮುಗಿಯುತ್ತ ಬಂತು, ಸ್ವಲ್ಪ ಸೈರಿಸು” ಎನ್ನದೆ ಕೂಡಲೇ ನಿಲ್ಲಿಸಲು ಹೇಳಿರಿ. ರೋಗಿಗೆ ಎಚ್ಚರವಿಲ್ಲದಿದ್ದರೆ ಅವನು ನೋವನ್ನು ಹೇಳಲಾರನು. ನೀವೇ ತಾಸಿಗೊಮ್ಮೆ ಹೊದಿಕೆ ಸರಿಸಿ ನೋಡಬೇಕು.

ಔಷಧದ ಪುಡಿಯ ಸೀಸೆಗಳನ್ನು ಹೊರಗಿನ ಅಂಗಡಿಯಿಂದ ತಂದುಕೊಡುವ ಪ್ರಸಂಗವೂ ಬರುವದು. ಕಲಸಿದ ಔಷಧವನ್ನು ತಂಪುಪೆಟ್ಟಿಗೆಯಲ್ಲಿ ಇಡಬಾರದು. ಜೋನಿಬೆಲ್ಲದ ಹಾಗೆ ತಂಪಿಗೆ ಹರಳು ಕೂಡುವದು. ಮಗುವಿಗೆ ಸೀಸೆಯ ಕಾಲುಭಾಗವೇ ಸಾಕಾಗಿ ಉಳಿದುದನ್ನು ಚೆಲ್ಲುವಾಗ ಮನಸ್ಸಿಗೆ ಸಂಕಟವಾಗುವದು ಸಹಜ. ಆದರೂ ನಾಳೆಗೆ ಉಳಿಸಿಕೊಡಿರೆಂದು ಕೇಳಬೇಡಿರಿ. ಕರಗಿಸಿದ ಪುಡಿಗೆ ಹನ್ನೆರಡು ತಾಸು ಮಾತ್ರ ಆಯುಷ್ಯ.

ಇನ್ನೊಂದು ಸೂಕ್ಷ್ಮವಾದ ಸಂಗತಿ ಇದೆ. ಚೇತರಿಸಿಕೊಳ್ಳುತ್ತಿದ್ದ ರೋಗಿ, ವಿಶೇಷವಾಗಿ ಮೂತ್ರಪಿಂಡ ಕುಂದಿದ ವೃದ್ಧರು, ಮತ್ತೆ ಗೊಂದಲಕ್ಕೀಡಾಗಿ ಇಲ್ಲದ್ದನ್ನು ಕಾಣುವದು, ಕೈಕಾಲು ನಡುಗಿಸುವದು, ಆಗಾಗ ಮೈ ಜಗ್ಗಿದಂತಾಗುವದು ಉಂಟು. ಬೇನೆ ಮರಳಿತೆಂದು ಎಲ್ಲರೂ ಎದೆಗೆಡುತ್ತಾರೆ. ಆದರೆ ದೇಹದಲ್ಲಿ ಔಷಧ ಹೆಚ್ಚಾಗಿ ಕೂಡಿದರೂ ಇದೇ ಲಕ್ಷಣಗಳು ಆಗುವವು. ಔಷಧವನ್ನು ತಗ್ಗಿಸಿದರೆ, ಅವಶ್ಯಬಿದ್ದರೆ ಡಯಾಲಿಸಿಸ್ ಮಾಡಿದರೆ, ಇದು ಬಿಟ್ಟುಹೋಗುವದು. ಯಾವ ದಿನ ಸುಧಾರಿಸಿತು, ಯಾವ ದಿನ ಮತ್ತೆ ಕೆಟ್ಟಿತು ಎಂಬುದನ್ನು ಬಲ್ಲವರು ಮನೆಯವರೇ. ಅದನ್ನು ಸ್ಪಷ್ಟವಾಗಿ ಹೇಳಿದರೆ ಡಾಕ್ಟರರು ಎರಡನ್ನೂ ಬೇರ್ಪಡಿಸಬಲ್ಲರು.

ಮಿದುಳುಬಾವಿನಲ್ಲಿ ಈ ಹನಿಯನ್ನು 14ರಿಂದ 21 ದಿನಗಳವರೆಗೆ ಕೊಡಬೇಕು. ಐದನೆಯ ದಿನಕ್ಕೆ ಜ್ವರ ಬಿಟ್ಟು ರೋಗಿ ಗಂಜಿ ಉಂಡು ಹೆಸರು ಹಿಡಿದು ಮಾತಾಡಿದರೆ, “ಇನ್ನು ಮನೆಯಲ್ಲಿ ಗುಳಿಗೆ ಕೊಟ್ಟುಕೊಳ್ಳುತ್ತೇವೆ, ಬಿಡುಗಡೆ ಮಾಡಿರಿ” ಎಂದು ಹಟಹಿಡಿಯುವವರಿದ್ದಾರೆ. ಅಂಗಳದಲ್ಲಿ ಅಡಿಕೆ, ಕೊಟ್ಟಿಗೆಯಲ್ಲಿ ದನ. ಅವರ ಕಷ್ಟ ನನಗೆ ಅರ್ಥವಾಗದೆ ಇಲ್ಲ. ಆದರೆ ಗುಳಿಗೆಯಿಂದ ಮಿದುಳಿಗೆ ತಲಪುವ ಔಷಧ ಸಾಲದು; ಅರ್ಧಕ್ಕೆ ಬಿಟ್ಟ ಬೇನೆ ಮರುಕಳಿಸುವದುಂಟು. ಪಾಳಿಯ ಮೇಲೆ ಕೂಡ್ರಲು ನಾಲ್ವರನ್ನು ಗೊತ್ತುಮಾಡಿಕೊಂಡರೆ ಮೂರು ವಾರ ಕಳೆಯುವದು ಅಸಾಧ್ಯವಲ್ಲ.

ಹಸುಗೂಸುಗಳ ವಿಷಯವನ್ನು ಹೇಳದೆ ಮುಗಿಸುವಂತಿಲ್ಲ. ಹುಟ್ಟಿದ ಮೊದಲ ತಿಂಗಳಿನಲ್ಲಿ ಹರ್ಪಿಸ್ ಹತ್ತಿದರೆ ಕೂಸಿಗೆ ಪ್ರಾಣಾಪಾಯ. ಮೈಮೇಲೆ ನೀರ್ಗುಳ್ಳೆ, ಮೊಲೆ ಹಿಡಿಯದಿರುವದು, ಮೈ ಬಿಸಿಯಾಗುವದು ಅಥವಾ ತಣ್ಣಗಾಗುವದು, ಸೆಳವು, ಇವುಗಳಲ್ಲಿ ಒಂದನ್ನು ಕಂಡರೂ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ಅಲ್ಲಿ ಕಿಲೋಗ್ರಾಮಿಗೆ 20 ಮಿಲಿಗ್ರಾಮಿನಂತೆ ಎಂಟು ತಾಸಿಗೊಮ್ಮೆ ಇದೇ ಔಷಧವನ್ನು ಹನಿಸುವರು. ಚರ್ಮ, ಕಣ್ಣು, ಬಾಯಿಗಳಿಗೆ ಮಾತ್ರ ಹತ್ತಿದ್ದರೆ 14 ದಿನ, ಮಿದುಳಿಗೆ ಅಥವಾ ಒಳಗಿನ ಅಂಗಗಳಿಗೆ ಹತ್ತಿದ್ದರೆ 21 ದಿನ. ಕೂಸಿಗೆ ಇದು ಬರುವ ದಾರಿಗಳಲ್ಲಿ ಎರಡು ಮನೆಗೆ ಸಂಬಂಧಿಸಿದವು. ಗರ್ಭಿಣಿಗೆ ಗುಪ್ತಾಂಗದಲ್ಲಿ ಇಂಥ ಗುಳ್ಳೆಗಳೆದ್ದರೆ ಸಂಕೋಚದಿಂದ ಮುಚ್ಚಿಡದೆ ಹೆರಿಗೆಯ ಮೊದಲೇ ಡಾಕ್ಟರರಿಗೆ ಹೇಳಬೇಕು. ಅತ್ತೆಯಾದವರು ಇದನ್ನು ಗುಣದೋಷದ ಮಾತಾಗಿ ಮಾಡಬಾರದು. ಎರಡನೆಯದು ಮುದ್ದು. ಬಾಣಂತಿಯ ಕೋಣೆಗೆ ಬಂದವರೆಲ್ಲ ಕೂಸಿನ ಕೆನ್ನೆಗೆ ತುಟಿ ಹಚ್ಚುವ ಪದ್ಧತಿ ನಮ್ಮಲ್ಲಿದೆ. ತುಟಿಯಂಚಿಗೆ ಗುಳ್ಳೆಯಿದ್ದವರು ಅಜ್ಜನಾಗಲಿ ಸೋದರಮಾವನಾಗಲಿ, ದೂರದಿಂದಲೇ ನೋಡಿ ಹರಸಲಿ.

ಸರ್ಪಸುತ್ತು ಆದವರ ಹತ್ತಿರ ಮಕ್ಕಳು ಹೋಗಬಹುದೇ ಎಂದು ಹಲವರು ಕೇಳುತ್ತಾರೆ. ಸರ್ಪಸುತ್ತಿನಿಂದ ಸರ್ಪಸುತ್ತು ಹರಡುವದಿಲ್ಲ. ಆದರೆ ಗುಳ್ಳೆಯ ನೀರು ತಗಲಿದರೆ, ಸೀತಾಳೆ ಸಿಡುಬು ಆಗದಿದ್ದ ಮತ್ತು ಅದರ ಲಸಿಕೆ ಹಾಕಿಸಿಕೊಳ್ಳದಿದ್ದ ಮಗುವಿಗೆ ಸೀತಾಳೆ ಸಿಡುಬು ಬರಬಹುದು. ಗರ್ಭಿಣಿಯರಿಗೂ ಇದೇ ಮಾತು. ಅವರಿಗೆ ಸಿಡುಬು ಎದ್ದು ಉಸಿರು ಕಟ್ಟಿದಂತಾದರೆ ಅದೂ ಆಸ್ಪತ್ರೆಯ ಹನಿಯ ಔಷಧವನ್ನೇ ಬೇಡುವ ಸ್ಥಿತಿ. ಗುಳ್ಳೆಗಳು ಒಣಗಿ ಹಕ್ಕಳೆಗಟ್ಟುವವರೆಗೆ ಅವನ್ನು ತೆಳುಬಟ್ಟೆಯಿಂದ ಮುಚ್ಚಿಟ್ಟು, ರೋಗಿಯ ಪಂಚೆ ಟವೆಲುಗಳನ್ನು ಬೇರೆಯಾಗಿ ಒಗೆದರೆ ಸಾಕು. ಐವತ್ತು ವರ್ಷ ದಾಟಿದವರಿಗೆ ಸರ್ಪಸುತ್ತು ಬಾರದಂತೆ ಹಾಕಿಸಿಕೊಳ್ಳುವ ಲಸಿಕೆಯೊಂದು 2023ರಿಂದ ನಮ್ಮ ದೇಶದಲ್ಲಿಯೂ ದೊರೆಯುತ್ತಿದೆ. ಎರಡು ಸಲ ಹಾಕಿಸಬೇಕು. ಅದರ ಬೆಲೆ ಹೆಚ್ಚು. ಮನೆಯ ಡಾಕ್ಟರರನ್ನು ಕೇಳಿ, ಮೊದಲು ಯಾರಿಗೆ ಹಾಕಿಸುವದು ಯುಕ್ತವೆಂಬುದನ್ನು ಗೊತ್ತುಮಾಡಿಕೊಳ್ಳಬಹುದು.